ನಮ್ಮ ಮನೆಯಡಿಯ ಚೌಕ

ಡೆಟ್ರಾಯ್ಟ್ ಬಳಿಯ ನಾರ್ತ್‌ವಿಲ್‌ನ ನಮ್ಮ ಮನೆಗೆ ಗ್ಯಾಸ್ ಕಂಪನಿಯ ಏಜೆಂಟ್ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಒಳಗೆ ಜೋಳದ ರೊಟ್ಟಿ ಸುಟ್ಟರೆ ಹೊಗೆಯ ಅಲಾರಂ ಕೂಗುತ್ತದೆಂದು ನಾನು ಗ್ಯಾರೇಜಿನಲ್ಲಿ ಒಲೆ ಇಟ್ಟುಕೊಂಡು ಕೂತಿದ್ದೆ. ಸಬ್‌ಡಿವಿಷನ್ನಿನ, ಅಂದರೆ ನಮ್ಮ ಬಡಾವಣೆಯ, ಹಿಂದಿನ ಹೊಲದಲ್ಲಿ ಅವನ ಕಂಪನಿ ನೈಸರ್ಗಿಕ ಅನಿಲದ ಬಾವಿ ಕೊರೆಯಲಿತ್ತು. ಪೈಪು ನೆಲದಾಳದಲ್ಲಿ ಓರೆಯಾಗಿ ನಮ್ಮ ಮನೆಗಳ ಕೆಳಗೂ ಬರುವುದರಿಂದ ನಮ್ಮ ಒಪ್ಪಿಗೆ ಬೇಕಂತೆ.

"ನಿಮ್ಮ ಬೀದಿಯವರೆಲ್ಲ ಸಹಿ ಹಾಕಿದ್ದಾರೆ. ಉಳಿದಿರುವುದು ನೀವೊಬ್ಬರೇ" ಎಂದು ಪೆನ್ನು ಮುಂದೆ ಹಿಡಿದ.

"ಬಾವಿ ಎಲ್ಲಿ ಬರುತ್ತದೆ?"

"ಅದು ಕಂಪನಿಯ ಒಳಗಿನ ವಿಷಯ. ನಿಮ್ಮ ಯಜಮಾನರ ಜೊತೆ ಮಾತಾಡಬಹುದೆ?"

ಮನೆ ಇಬ್ಬರ ಹೆಸರಲ್ಲೂ ಇದೆ, ಮೊದಲು ನನಗೆ ಹೇಳಿ ಎಂದೆ. ಅವನು ಮುಗುಳ್ನಕ್ಕು, ಮತ್ತೆ ಬರುತ್ತೇನೆಂದು ಹೋದ.

ನನ್ನ ಗಂಡ ಕಾರ್ ಕಂಪನಿಯೊಂದರಲ್ಲಿ ಎಂಜಿನಿಯರ್. ಬಾಗಲಕೋಟೆಯ ಕಡೆಯವರಾದರೂ ಜಗಳವೆಂದರೆ ದೂರ. "ಎಲ್ಲಾರೂ ಮಾಡ್ಯಾರಂದ್ರ ನಾವೂ ಮಾಡಿಬಿಡೋಣು. ಸುಮ್ನ ಯಾಕ ತಲಿನೋವು?" ಎಂದರು.

"ಎಲ್ಲಿ ತೂತು ಹೊಡೀತಾರ ಅಂತ ಗೊತ್ತಿಲ್ಲದ ನಾ ಸಹಿ ಮಾಡಂಗಿಲ್ಲ" ಎಂದೆ. ನಾನು ಡೆಟ್ರಾಯ್ಟ್‌ನ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್. ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ನೋಡದೆ ರಿಪೋರ್ಟಿಗೆ ಸಹಿ ಹಾಕುವ ಅಭ್ಯಾಸ ನನಗಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಬಾವಿಗಳಿಗೆ ಪರವಾನಗಿ ಕೊಡುವ ರಾಜ್ಯ ಸರ್ಕಾರದ ಕಚೇರಿಗೆ ಫೋನ್ ಮಾಡಿದೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿ, ಕೊನೆಗೊಬ್ಬ ಹೆಂಗಸು ಸಿಕ್ಕಳು. "ಇದರಲ್ಲಿ ಗುಟ್ಟೇನಿದೆ? ನಕ್ಷೆ ವೆಬ್‌ಸೈಟಿನಲ್ಲೇ ಇದೆ. ಯಾರು ಬೇಕಾದರೂ ನೋಡಬಹುದು" ಎಂದಳು. ನಾನು ನಕ್ಷೆ ತೆರೆದು ನನ್ನ ಬೀದಿ ಹುಡುಕುವವರೆಗೂ ಫೋನ್ ಇಡಲಿಲ್ಲ.

ಪರದೆಯ ತುಂಬ ಚುಕ್ಕಿಗಳು. ಒಂದೊಂದೂ ಒಂದೊಂದು ಬಾವಿ. ದಿನಾ ಡ್ರೈವ್ ಮಾಡುವ ರಸ್ತೆಯ ಪಕ್ಕದಲ್ಲೇ ಮುಚ್ಚಿದ ಹಳೆಯ ಬಾವಿಯೊಂದಿತ್ತು. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ನಮ್ಮ ಸಬ್‌ಡಿವಿಷನ್ನಿನ ಮೇಲೆ ತುಂಡು ಗೆರೆಗಳ ಒಂದು ದೊಡ್ಡ ಚೌಕ. ಅದು ಡ್ರಿಲ್ಲಿಂಗ್ ಯೂನಿಟ್ ಎಂದಳು ಆಕೆ. ಅಂದರೆ ಒಂದು ಬಾವಿಗೆಂದು ಗುರುತಿಸಿದ ನೆಲ. ಇಲ್ಲಿ ನೆಲದಡಿಯ ಅನಿಲವೂ ಸಾಮಾನ್ಯವಾಗಿ ನೆಲದ ಒಡೆಯರದೇ ಆದ್ದರಿಂದ, ಆ ಚೌಕದೊಳಗಿನ ಮನೆಗಳವರ ಹಕ್ಕನ್ನೆಲ್ಲ ಒಟ್ಟುಗೂಡಿಸಿ ಬಾವಿ ಕೊರೆಯುತ್ತಾರೆ. ನಮ್ಮ ಮನೆ ಅದರ ಒಂದು ಮೂಲೆಯಲ್ಲಿತ್ತು. ಬಾವಿಯ ಗುರುತು ಮಕ್ಕಳು ಆಡುವ ಜಾಗದ ಬೆನ್ನಿಗೇ ಇತ್ತು.

"ಯಾರ್‍ಯಾರು ಸಹಿ ಹಾಕಿದ್ದಾರೆಂದು ತಿಳಿಯುತ್ತದೆಯೆ?"

"ಸಹಿಯಾದ ಒಪ್ಪಿಗೆ ಪತ್ರಗಳು, ಅಂದರೆ ಲೀಸ್‌ಗಳು, ಕೌಂಟಿ ಕಚೇರಿಯಲ್ಲಿ ರಿಜಿಸ್ಟರ್ ಆಗುತ್ತವೆ. ಅವೂ ಪಬ್ಲಿಕ್ಕೇ."

ಅರ್ಧ ದಿನ ರಜೆ ಹಾಕಿ, ನಮ್ಮೂರ ಕಡೆಯ ಜಿಲ್ಲಾ ಕಚೇರಿಯಂಥ ಆ ಕೌಂಟಿ ಕಚೇರಿಗೆ ಹೋಗಿ ಹುಡುಕಿದೆ. ನಮ್ಮ ಬೀದಿಯ ಒಂದೇ ಒಂದು ಮನೆಯ ಲೀಸ್ ಸಿಕ್ಕಿತು. ಇನ್ನೂ ರಿಜಿಸ್ಟರ್ ಆಗದವೂ ಇರಬಹುದೆಂದು ಅಂದು ಸಂಜೆಯೇ ಮನೆ ಮನೆಗೆ ಹೋಗಿ ಕೇಳಿದೆ. ಬಹುತೇಕ ಎಲ್ಲರೂ ಹೇಳಿದ್ದು ಒಂದೇ ಮಾತು: ಉಳಿದಿರುವುದು ನೀವೊಬ್ಬರೇ ಎಂದು ಏಜೆಂಟ್ ಅವರಿಗೂ ಹೇಳಿದ್ದನಂತೆ. ನನ್ನ ಮೈ ಉರಿದುಹೋಯಿತು.

ಎದುರು ಮನೆಯ ಮೈಸೂರಿನ ಅಂಕಲ್ ನಕ್ಷೆಯ ಚೌಕದ ವಿಷಯ ಕೇಳಿಸಿಕೊಂಡು, ಬಾಗಿಲಲ್ಲೇ ನಿಲ್ಲಿಸಿ ಬುದ್ಧಿ ಹೇಳಿದರು. "ನೋಡಮ್ಮ, ನಾವು ಹೊರಗಡೆಯಿಂದ ಬಂದೋರು. ಇವರ ಹತ್ರ ಕಿತ್ತಾಡಿ ಯಾಕೆ ಹೆಸರು ಕೆಡಿಸ್ಕೋತೀಯ?"

"ಟ್ಯಾಕ್ಸ್ ಕಟ್ಟೋವಾಗ ಹೊರಗಿನವ್ರು ಅಂತ ಯಾರೂ ನಮ್ಮನ್ನ ಬಿಟ್ಟಿಲ್ಲಲ್ರಿ ಅಂಕಲ್."

ಒಳಗಿನಿಂದ ಆಂಟಿ, "ನಮ್ಮನೇನೂ ಆ ಚೌಕದಲ್ಲಿ ಇದ್ಯಾ ಕೇಳಿ" ಎಂದರು. ಇದೆ ಎಂದೆ. ಆಗ ಒಳಗೆ ಕರೆದರು.

ಊರಾಡಳಿತದ ಮುಂದಿನ ಟೌನ್‌ಶಿಪ್ ಸಭೆಗೆ ಬೀದಿಯ ಅರ್ಧಕ್ಕರ್ಧ ಜನ ಬಂದಿದ್ದರು. ನಕ್ಷೆಯನ್ನು ಗೋಡೆಯ ಮೇಲೆ ತೋರಿಸಿ ಮಾತಾಡಲು ನಿಂತೆ. ನನ್ನ ಇಂಗ್ಲಿಷ್ ಅರ್ಥವಾಗಲಿಲ್ಲವೆಂದು ಒಬ್ಬರು ಮುಖ ಕಿವುಚಿದರು. ಹೇಳಿದ್ದನ್ನೇ ಇನ್ನೂ ಗಟ್ಟಿಯಾಗಿ ಹೇಳಿದೆ.

ಏಜೆಂಟ್ ಎದ್ದು ನಿಂತ. "ಇವರು ಸಹಿ ಹಾಕದಿದ್ದರೂ ರಾಜ್ಯ ಇವರ ನೆಲವನ್ನು ಯೂನಿಟ್‌ಗೆ ಸೇರಿಸಬಹುದು."

ಅದು ನಿಜವೇ ಆಗಿತ್ತು, ನಾನೂ ಓದಿಕೊಂಡಿದ್ದೆ. "ಸೇರಿಸಲಿ. ಅದಕ್ಕೂ ಒಂದು ವಿಚಾರಣೆ ನಡೆಯಬೇಕು, ಅಲ್ಲಿಗೂ ಬರುತ್ತೇನೆ. ಆದರೆ ಎಲ್ಲರೂ ಸಹಿ ಹಾಕಿದ್ದಾರೆಂದು ಇನ್ನೊಂದು ಮನೆಯ ಬಾಗಿಲಲ್ಲಿ ಹೇಳಬೇಡಿ" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ಮೈಸೂರಿನ ಆಂಟಿ.

ಕೆಲವು ತಿಂಗಳ ನಂತರ ಕಂಪನಿ ಬಾವಿಯ ಜಾಗವನ್ನು ಹೊಲದ ಆಚೆ ತುದಿಗೆ, ದೊಡ್ಡ ರಸ್ತೆಯ ಪಕ್ಕಕ್ಕೆ ಸರಿಸಿತು. ಆಮೇಲೆ ಹಲವರು ಸಹಿ ಹಾಕಿದರು, ಅಂಕಲ್ ಕೂಡ. ನನಗೆ ಬೇಸರವಾಗಲಿಲ್ಲ, ಈ ಸಲ ನೋಡಿ ಹಾಕಿದ್ದರು. ಸುಳ್ಳು ಹೇಳಿಕೊಂಡು ಬಂದವನ ಕಾಗದಕ್ಕೆ ನಾನು ಮಾತ್ರ ಹಾಕಲಿಲ್ಲ. ವಿಚಾರಣೆಯ ದಿನ ಗಂಡ ರಜೆ ಹಾಕಿ, ತಾವೇ ಡ್ರೈವ್ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತರು. ನಮ್ಮ ನೆಲವನ್ನು ಯೂನಿಟ್‌ಗೆ ಸೇರಿಸಬೇಕೆಂದೇ ಆದೇಶವಾಯಿತು.

ಹಿಂದಿರುಗುವಾಗ ಹೈವೇಯಿಂದ ಇಳಿಯುವ ನಮ್ಮ ಎಕ್ಸಿಟ್ ಹತ್ತಿರ ಬಂದಾಗ ಅವರು ವೇಗ ಇಳಿಸಿದರು. ಆಮೇಲೆ, "ಸಾಕಾತಿಲ್ಲೋ ಇನ್ನ?" ಎಂದು ಮೆಲ್ಲಗೆ ಕೇಳಿದರು.

"ಬಾವಿ ಲಾರಿಗಳು ಯಾವ ರಸ್ತಿ ಮ್ಯಾಲೆ ಬರ್ತಾವ ಅಂತ ಪರ್ಮಿಟ್‌ನ್ಯಾಗ ಬರದಿರ್ತಾರಂತ. ನಾಳೆ ಅದನ್ನ ಕೇಳ್ತೀನಿ" ಎಂದೆ.

ಅವರು ನಕ್ಕು, ಎಕ್ಸಿಟ್‌ಗೆ ತಿರುಗಲು ಸಿಗ್ನಲ್ ಹಾಕಿದರು.