ಪರಸ್ಥಾನದ ಸೂಟ್‌ಕೇಸು

ವಿದೇಶ ಪ್ರಯಾಣದಲ್ಲಿ ನಾನು ದೊಡ್ಡ ಅನುಭವಿ. ವಿಮಾನ ಹತ್ತಿಲ್ಲ, ಅಷ್ಟೇ. ತೊಂಬತ್ತರ ದಶಕದಲ್ಲಿ ಮೈಸೂರಿನ ಒಂದು ಕಾರ್ಖಾನೆಯಲ್ಲಿ ನಾನು ಸರ್ವೀಸ್ ಮ್ಯಾನೇಜರು. ನಮ್ಮ ನೂಲಿನ ಯಂತ್ರ ಕೀನ್ಯಾದಲ್ಲೋ ಮೆಕ್ಸಿಕೊದಲ್ಲೋ ಕೆಟ್ಟು ನಿಂತರೆ ಹುಡುಗರನ್ನು ಅಟ್ಟುವುದು ನನ್ನ ಕೆಲಸ. ಅವರೇನೂ ಅಲ್ಲಿ ನೆಲೆಸುವವರಲ್ಲ; ರಿಪೇರಿ ಮುಗಿಸಿ ತಿಂಗಳೊಪ್ಪತ್ತಿನಲ್ಲಿ ವಾಪಸ್. ಬಂದವರು ಮೀಟಿಂಗಿನಲ್ಲಿ ತೂಕಡಿಸುತ್ತಿದ್ದರು. ಕೇಳಿದರೆ, "ಅಲ್ಲೀಗ ರಾತ್ರಿ ಸಾರ್" ಎನ್ನುವರು. ಊರು ಬಿಟ್ಟು ಕದಲದ ನಾನೇಕೆ ತೂಕಡಿಸುತ್ತೇನೆಂದು ಅವರು ದಾಕ್ಷಿಣ್ಯಕ್ಕೆ ಕೇಳಲಿಲ್ಲ.

ವೀಸಾ, ಟಿಕೆಟ್ಟು ಹೊಂದಿಸುವುದು ಸುಲಭ. ಕಷ್ಟವೆಲ್ಲ ರಾಹುಕಾಲದ್ದು. ವಿಮಾನದವರು ಪಂಚಾಂಗ ನೋಡುವುದಿಲ್ಲ; ಆ ಹುಡುಗರಲ್ಲೊಬ್ಬನಾದ ನಾಗರಾಜನ ತಾಯಿ ಗೌರಮ್ಮನವರು ನೋಡದೆ ಬಿಡುವುದಿಲ್ಲ. ಅದಕ್ಕೆ ಉಪಾಯ ಪರಸ್ಥಾನ: ಒಳ್ಳೆಯ ಗಳಿಗೆಯಲ್ಲಿ ಪೆಟ್ಟಿಗೆಯನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಹೊರಟ ಲೆಕ್ಕ. ಆಮೇಲೆ ಆಳು ಯಾವಾಗ ಹೊರಟರೂ ದೋಷವಿಲ್ಲ. ಜಯಲಕ್ಷ್ಮಿಪುರಂನಲ್ಲಿ ಅವರದು ನಮ್ಮ ಹಿಂದಿನ ರಸ್ತೆ. ಹೀಗಾಗಿ ನಾಗರಾಜನ ಸೂಟ್‌ಕೇಸು ನಮ್ಮ ನಡುಮನೆಯ ಖಾಯಂ ನೆಂಟ. ನನ್ನ ಹೆಂಡತಿ ಅದರ ಮೇಲೆ ಹೂದಾನಿ ಇಡುವಷ್ಟು ಸಲಿಗೆ.

ಒಂದು ಸಲ ಕೀನ್ಯಾಕ್ಕೆಂದು ಸೂಟ್‌ಕೇಸು ಬಂದು ಕೂತಿತ್ತು. ನಾಗರಾಜನ ಹೆಂಡತಿ ಸುಧಾಗೆ ದಿನ ತುಂಬುತ್ತ ಬಂದಿತ್ತು. ಮೊದಲ ಮಗಳು ಹುಟ್ಟಿದಾಗ ಅವನು ಮೆಕ್ಸಿಕೊದಲ್ಲಿದ್ದ. ಬಂದು ಎತ್ತಿಕೊಂಡರೆ ಮಗು ಕಿಟಾರನೆ ಕಿರುಚಿತ್ತು. ಈಗ ಹೊರಡುವ ಹಿಂದಿನ ದಿನವೇ ಸುಧಾಗೆ ನೋವು ಶುರುವಾಯಿತು. ನಾಗರಾಜ ಆಸ್ಪತ್ರೆಯಿಂದ ಫೋನ್ ಮಾಡಿ, "ಇದೊಂದ್ಸಲ ಬುಟ್ಬುಡಿ ಸಾರ್, ಈ ಮಗೂಗಾದ್ರೂ ಅಪ್ಪ ಯಾರು ಅಂತ ಗೊತ್ತಾಗ್ಲಿ" ಎಂದ. ಕೀನ್ಯಾದ ಗಿರಣಿಯವರಿಂದ ಬೈಸಿಕೊಂಡು ಪ್ರಯಾಣ ಮುಂದೂಡಿದೆ.

ಹೆರಿಗೆ ಸುಸೂತ್ರವಾಯಿತು. ಗೌರಮ್ಮನವರು ಮಾತ್ರ ಸಕ್ಕರೆ ಹಂಚುತ್ತಲೇ ಮುಖ ಸಣ್ಣಗೆ ಮಾಡಿಕೊಂಡಿದ್ದರು. "ಪರಸ್ಥಾನಕ್ಕಿಟ್ಟ ಪೆಟ್ಟಿಗೆ ಪ್ರಯಾಣ ಮಾಡ್ದೆ ಮನೆಗೆ ಬರಬಾರ್ದು ಕಣ್ರೀ. ಹಸುಗೂಸು ಬೇರೆ ಇದೆ. ಸಮುದ್ರ ಹಾಳಾಗ್ಲಿ, ಒಂದು ಹೊಳೆಯಾದ್ರೂ ದಾಟ್ಲಿ." ನಾಗರಾಜನ ಒಳ್ಳೆಯ ಬಟ್ಟೆಯೆಲ್ಲ ಅದರೊಳಗೆ, ಮುಟ್ಟುವ ಹಾಗಿಲ್ಲ. ಪಾಪ, ನನ್ನ ಪಂಚೆಯಲ್ಲೇ ಓಡಾಡುತ್ತಿದ್ದ.

ತಾಯಿ ಮಗು ಮನೆಗೆ ಬಂದ ಭಾನುವಾರ ನಾನೇ ಸೂಟ್‌ಕೇಸು ಹೊತ್ತು ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಕಂಡಕ್ಟರು, "ಲಗೇಜ್ ಎಲ್ಲಿಗೆ ಸ್ವಾಮಿ?" ಎಂದ. "ಕೀನ್ಯಾಕ್ಕೆ" ಎಂದೆ. "ಸೀಟಿನ ಕೆಳಗೆ ತಳ್ಳಿ" ಎಂದ. ಕಾವೇರಿ ದಾಟಿ, ಇಳಿದು, ಒಂದು ಕಾಫಿ ಕುಡಿದು, ಮುಂದಿನ ಬಸ್ಸಿಗೆ ವಾಪಸ್ಸಾದೆ.

ಗೌರಮ್ಮನವರು, "ಹೊಳೆ ದಾಟ್ತಾ?" ಎಂದು ವಿಚಾರಿಸಿಯೇ ಒಳಗೆ ಬಿಟ್ಟರು. ನಾಗರಾಜ ನನ್ನ ಪಂಚೆಯುಟ್ಟು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಗು ಅವನ ಮುಖವನ್ನೇ ನೋಡುತ್ತ ಹಾಯಾಗಿತ್ತು. ನಾನು ಬಗ್ಗಿ ನೋಡಿದೆ, ಕಿಟಾರನೆ ಕಿರುಚಿತು. ಮ್ಯಾನೇಜರು ಯಾರೆಂದು ಅದಕ್ಕೆ ಆಗಲೇ ಗೊತ್ತಾಗಿರಬೇಕು.