ಪಾಸ್‌ಪೋರ್ಟಿನಲ್ಲಿ ಇಪ್ಪತ್ತೆರಡು

ಹೋದ ವಾರ ಅಮ್ಮನ ಕೈ ಎಕ್ಸ್‌ರೇ ತೆಗೆಸಲು ಮಂಗಳೂರಿಗೆ ಹೋಗಿದ್ದೆ. ಫಿಲ್ಮನ್ನು ಬೆಳಕಿಗೆ ಹಿಡಿದೆ. ಬೆರಳುಗಳ ಬಿಳಿ ಎಲುಬು ಕಂಡದ್ದೇ, ರಿಯಾದಿನ ಮಲಾಜ್ ಬಡಾವಣೆಯಲ್ಲಿದ್ದ ಟೈಪಿಂಗ್ ಅಂಗಡಿಯ ಕಾಕ ನೆನಪಾದರು…

ಕಾಕ ಉಪ್ಪಿನಂಗಡಿ ಕಡೆಯವರು. ನಮ್ಮಂಥವರಿಗೆ ಅರಬಿಯಲ್ಲಿ ಅರ್ಜಿ ಟೈಪ್ ಮಾಡಿಕೊಡುವುದು ಅವರ ಕೆಲಸ. ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಾನು ಸೇಲ್ಸ್‌ಮನ್. ಮಧ್ಯಾಹ್ನ ನಮಾಜು ಮುಗಿಸಿ ಬಂದರೆ ಇಬ್ಬರಿಗೂ ಒಂದೇ ಫ್ಲಾಸ್ಕಿನ ಚಹಾ.

ನಮ್ಮೂರಿನ ಹುಡುಗನೊಬ್ಬ ಅಲ್ಲೇ ಒಂದು ದೊಡ್ಡ ಮನೆಯಲ್ಲಿ ಕಾರು ತೊಳೆಯುವ ಕೆಲಸಕ್ಕೆ ಬಂದಿದ್ದ. ವಯಸ್ಸು ಹದಿನಾರು. ಪಾಸ್‌ಪೋರ್ಟಿನಲ್ಲಿ ಮಾತ್ರ ಇಪ್ಪತ್ತೆರಡು. ವೀಸಾಕ್ಕಾಗಿ ಊರಿನ ಏಜೆಂಟ್ ಮಾಡಿಸಿದ್ದು. ಆಚೆ ಮನೆಯ ಶ್ರೀಮಂತರ ಮಗನೂ ಅವನದೇ ಪ್ರಾಯದವನು. ಒಂದು ದಿನ ಅಂಗಡಿಯೆದುರು ಯಾರೋ ಎಂಜಿನ್ ಆರಿಸದೆ ಎಸಿ ಹಾಕಿಯೇ ಬಿಟ್ಟುಹೋಗಿದ್ದ ಕಾರನ್ನು ಇಬ್ಬರೂ ಸೇರಿ ಓಡಿಸಿಕೊಂಡು ಹೋಗಿ ಗೋಡೆಗೆ ಗುದ್ದಿದರು. ಯಾರಿಗೂ ಪೆಟ್ಟಾಗಲಿಲ್ಲ.

ಶ್ರೀಮಂತರ ಮಗನನ್ನು ಮಕ್ಕಳ ರಿಮ್ಯಾಂಡ್ ಹೋಮಿಗೆ ಕಳಿಸಿದರು. ಅಪ್ಪ ವಕೀಲನನ್ನು ಕರೆದುಕೊಂಡು ಹೋದ. ಮೂರೇ ವಾರದಲ್ಲಿ ಮಗ ಮನೆಗೆ ಬಂದ. ನಮ್ಮವನಿಗೆ ಅಲ್ಲಿ ಯಾರಿದ್ದರು? ಪಾಸ್‌ಪೋರ್ಟ್ ನೋಡಿ ದೊಡ್ಡವರ ಜೈಲು, ಎರಡು ವರ್ಷ ಶಿಕ್ಷೆ.

ಮೇಲ್ಮನವಿಗೆ ಕೆಲವೇ ದಿನ ಉಳಿದಿತ್ತು. ನಾನು ಹುಡುಗನ ಕಾಗದ ಹಿಡಿದುಕೊಂಡು ಹೋದಾಗ ಕಾಕ ಪಾಸ್‌ಪೋರ್ಟಿನ ಫೋಟೋವನ್ನೇ ನೋಡುತ್ತಾ ಕೂತರು.

"ಮೀಸೆಯೇ ಬರಲಿಲ್ಲ. ಇಪ್ಪತ್ತೆರಡು ಎಂತ ಮಾರಾಯ ಇದು? ಶಾಲೆಯ ಸರ್ಟಿಫಿಕೇಟ್ ತರಿಸು."

ಹುಡುಗನ ತಾಯಿ ಶಾಲೆಗೆ ಓಡಿದಳು. ವಾಟ್ಸಾಪಿನಲ್ಲಿ ಬಂದ ಫೋಟೋವನ್ನು ನೋಡಿಕೊಂಡು ಕಾಕ ಅರ್ಜಿ ಬರೆದರು. ಅವರ ಕಫೀಲನಿಗೆ, ಅಂದರೆ ಯಾರ ಹೆಸರಿನಲ್ಲಿ ಅವರು ಅಲ್ಲಿದ್ದರೋ ಆ ಮಾಲೀಕನಿಗೆ, ಇದು ಗೊತ್ತಾಯಿತು. ಜೈಲಿನ ವಿಷಯಕ್ಕೆ ತಲೆಹಾಕಿದರೆ ಅಲ್ಲಿರಲು ಬೇಕಾದ ಇಕಾಮಾ ಪರವಾನಗಿ ರಿನ್ಯೂ ಮಾಡಿಸುವುದಿಲ್ಲ ಎಂದು ಗದರಿಸಿದ. ಇಕಾಮಾ ಇಲ್ಲದಿದ್ದರೆ ಊರಿಗೆ ಹೊರಡುವುದೇ. ನಾನು, "ಬಿಡಿ ಕಾಕ, ಬೇರೆಯವರನ್ನು ನೋಡುವ" ಎಂದೆ.

"ಯಾರನ್ನು ನೋಡುತ್ತೀ?" ಎಂದರು. ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಕೋರ್ಟಿನಲ್ಲಿ ಹುಡುಗನ ಪರವಾಗಿ ಅರಬಿಯಲ್ಲಿ ಮಾತಾಡಲು ಕಾಕನೇ ಅವನ ಎದುರು ನಿಂತರು. ನ್ಯಾಯಾಧೀಶರು ಪಾಸ್‌ಪೋರ್ಟನ್ನೂ ಸರ್ಟಿಫಿಕೇಟನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಯಾವುದು ಸುಳ್ಳು ಎಂದು ಕೇಳಿದರು. ಕಾಕ ಸ್ಪಷ್ಟ ಸ್ವರದಲ್ಲಿ ಉತ್ತರ ಕೊಟ್ಟರು. ಪಾಸ್‌ಪೋರ್ಟೇ ಸುಳ್ಳು, ಸುಳ್ಳು ಹೇಳಿದವನು ಹುಡುಗನಲ್ಲ, ಜೊತೆಗಿದ್ದವನನ್ನು ಮಗುವೆಂದು ನೋಡಿದ ಹಾಗೆ ಇವನನ್ನೂ ನೋಡಿ ಎಂದರಂತೆ. ಅರಬಿ ನನಗೆ ಅಷ್ಟು ಬಾರದು, ಆಮೇಲೆ ಅವರೇ ಹೇಳಿದ್ದು.

ಹುಡುಗನ ಕೈಯ ಎಕ್ಸ್‌ರೇ ತೆಗೆಸಲು ಆದೇಶವಾಯಿತು. ಎಲುಬು ಇನ್ನೂ ಬೆಳೆಯುತ್ತಿದೆ, ಹದಿನೇಳು ತುಂಬಿಲ್ಲ ಎಂದು ಡಾಕ್ಟರು ಬರೆದರು. ಶಿಕ್ಷೆ ರದ್ದಾಗಿ ಹುಡುಗ ರಿಮ್ಯಾಂಡ್ ಹೋಮಿಗೆ ಹೋದ. ಎರಡು ತಿಂಗಳಲ್ಲಿ ಊರಿನ ವಿಮಾನ ಹತ್ತಿದ. ಅವನು ಊರು ಮುಟ್ಟಿದ ಸುದ್ದಿ ಬಂದ ದಿನ ಕಾಕ ಅಂಗಡಿಯ ಮೆಟ್ಟಿಲಲ್ಲಿ ಕೂತು ಎರಡು ಗ್ಲಾಸು ನೀರು ಕುಡಿದರು. "ಉಸಿರು ಬಂತು ಮಾರಾಯ" ಎಂದರು. ನನಗೂ ಹಾಗೇ ಆಗಿತ್ತು. ಕಫೀಲ ಒಂದು ತಿಂಗಳು ಸತಾಯಿಸಿ ಕೊನೆಗೆ ಇಕಾಮಾ ಮಾಡಿಸಿಕೊಟ್ಟ.

ನಾನು ಊರಿಗೆ ಬಂದ ಮೇಲೆ ಕಾಕ ಅಲ್ಲೇ ತೀರಿಕೊಂಡರು, ಅಲ್ಲೇ ಮಣ್ಣಾದರು. ಸುದ್ದಿ ತಿಳಿದದ್ದೇ ತಡವಾಗಿ…

ನಿನ್ನೆ ಆ ಹುಡುಗ ಮನೆಗೆ ಬಂದಿದ್ದ. ಈಗ ಪುತ್ತೂರಿನಲ್ಲಿ ಅವನದೇ ಗ್ಯಾರೇಜು, ಒಂದು ಹೆಣ್ಣುಮಗು. ಕಾಕನ ಮಾತು ಬಂತು. ಅವರ ಫೋಟೋ ಉಂಟಾ ಎಂದು ಕೇಳಿದ.

"ಮುಖ ಸರಿ ನೆನಪಿಲ್ಲಣ್ಣ. ಬೆನ್ನು ನೆನಪುಂಟು. ಕೋರ್ಟಿನಲ್ಲಿ ಇಡೀ ಹೊತ್ತು ನನ್ನ ಎದುರು ನಿಂತಿದ್ದರಲ್ಲ."

ತೋರಿಸಲು ನನ್ನಲ್ಲಿಯೂ ಅವರ ಒಂದು ಫೋಟೋ ಇರಲಿಲ್ಲ.