ಬಲಬದಿಯ ಸೀಟು

ಮೂರು ಅಮೆರಿಕನ್ ಕಾರುಗಳನ್ನು ಸಾಕಿದವನು ನಾನು. ತೊಂಬತ್ತರ ದಶಕದ ಆರಂಭದಲ್ಲಿ ಕೆಂಪು ಮಸ್ಟಾಂಗ್, ಅದನ್ನು ಮಾರಿ ಕಪ್ಪು ಫೈರ್‌ಬರ್ಡ್, ಎರಡು ಸಾವಿರದ ಇಸವಿ ದಾಟಿದ ಮೇಲೆ ನೀಲಿ ಕಾರ್ವೆಟ್. ಮೂರೂ ನನಗಿಂತ ಸ್ವಲ್ಪವೇ ಕಿರಿಯವು. ಈಸ್ಟ್ ಹ್ಯಾಮಿನ ನಮ್ಮ ಹೋಟೆಲಿನ ಮುಂದೆ ಅವು ನಿಂತರೆ ದೋಸೆ ತಿನ್ನುತ್ತಿದ್ದವರು ತಟ್ಟೆ ಬಿಟ್ಟು ಎದ್ದು ಬರುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಕುಂದಾಪುರದಲ್ಲಿ ಸೈಕಲ್ಲೂ ಇಲ್ಲದೆ ಬೆಳೆದ ನಾನು ಲಂಡನ್ನಿನ ತುಂತುರು ಮಳೆಯಲ್ಲಿ ಕಾರಿನ ಟಾಪು ತೆಗೆದು ಮೆರೆದೆ.

ಈ ಕಾರುಗಳಲ್ಲಿ ಸ್ಟೇರಿಂಗ್ ಎಡಗಡೆ. ಇಲ್ಲಿನ ರಸ್ತೆಯಲ್ಲಿ ಓಡಾಟವೂ ಎಡಗಡೆಯೇ. ಹಾಗಾಗಿ ಮುಂದಿನ ಲಾರಿಯನ್ನು ಹಿಂದೆ ಹಾಕಬೇಕಾದರೆ ಎದುರಿನಿಂದ ಏನು ಬರುತ್ತಿದೆ ಎಂಬುದು ಓಡಿಸುವವನಿಗೆ ಕಾಣುವುದಿಲ್ಲ. ಬಲಬದಿಯ ಸೀಟಿನಲ್ಲಿ ಕೂತವರಿಗೆ ಕಾಣುತ್ತದೆ. ಅಲ್ಲಿ ಕೂರುತ್ತಿದ್ದವಳು ನನ್ನ ಹೆಂಡತಿ. ಅವಳು ಕತ್ತು ಚಾಚಿ ನೋಡಿ "ಹೋಯ್ಲಕ್ಕ್" ಎಂದರೆ ನಾನು ಆಕ್ಸಿಲರೇಟರ್ ತುಳಿಯುತ್ತಿದ್ದೆ, "ನಿಲ್ಲಿ" ಎಂದರೆ ತಡೆಯುತ್ತಿದ್ದೆ. ಮೂರು ಕಾರುಗಳಿಗೂ ಅವಳು ಹೀಗೇ ದುಡಿದಳು. ಒಂದು ದಿನವೂ ಸ್ಟೇರಿಂಗ್ ಮುಟ್ಟಲು ನಾನು ಬಿಡಲಿಲ್ಲ. ಬಾಗಿಲು ಕೊಂಚ ಜೋರಾಗಿ ಹಾಕಿದರೆ, "ನಿನ್ನಪ್ಪನ ಮನಿ ಹಟ್ಟಿ ಬಾಗ್ಲಾ ಇದ್?" ಎನ್ನುತ್ತಿದ್ದೆ. ಗೆಳೆಯರು ನಕ್ಕರೆ ಅವರಿಗಾಗಿ ಇನ್ನೊಮ್ಮೆ ಹೇಳುತ್ತಿದ್ದೆ.

ಕಾರ್ವೆಟ್ ಬಂದ ದಿನ ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ನಿವಾಳಿಸಿ ಒಡೆದೆ. ಯಾರ ಕೆಟ್ಟ ಕಣ್ಣೂ ತಾಗದಿರಲಿ ಎಂದು ಬೇಡಿಕೊಂಡೆ.

ಆ ಬೇಸಿಗೆಯ ಒಂದು ಬುಧವಾರ, ಬಲಗಣ್ಣಿನಲ್ಲಿ ಕಪ್ಪು ನುಸಿ ಹಾರಿದ ಹಾಗೆ ಕಾಣುತ್ತದೆ ಎಂದಳು ಹೆಂಡತಿ. ಬೆಳಿಗ್ಗೆಯಿಂದ ಸಂಜೆವರೆಗೆ ದೋಸೆ ಕಾವಲಿಯ ಮುಂದೆ ನಿಲ್ಲುವವಳು.

"ಉಷ್ಣ ಅದ್. ನೆತ್ತಿಗ್ ಹರಳೆಣ್ಣಿ ಹಾಕ್, ಸರಿ ಆತ್ತ್" ಎಂದೆ.

ನಮ್ಮಲ್ಲಿ ಬಾಯಿಹುಣ್ಣಿಗೂ ಉಷ್ಣ, ತಲೆನೋವಿಗೂ ಉಷ್ಣ. ಅವಳೂ ನಂಬಿದಳು. ಮೂರು ದಿನ ನೆತ್ತಿಗೆ ಎಣ್ಣೆ ತಟ್ಟಿಕೊಂಡಳು. ಆ ಮೂರು ದಿನವೂ ನಾನು ಕಾರಿಗೆ ಪಾಲಿಶ್ ಉಜ್ಜುತ್ತಿದ್ದೆ. ಭಾನುವಾರ ಹೌನ್ಸ್ಲೋ ಆಚೆಗಿನ ಮೈದಾನದಲ್ಲಿ ಹಳೆಯ ಅಮೆರಿಕನ್ ಕಾರುಗಳು ಸೇರುವುದಿತ್ತು.

ಭಾನುವಾರ ಬೆಳಿಗ್ಗೆ ಅವಳು ಹಾಸಿಗೆಯಲ್ಲೇ ಕೂತು ಹೇಳಿದಳು: "ಹ್ವಾಯ್, ಬಲಗಣ್ಣಿಗ್ ಕೆಳಗಿಂದ ಪರದೆ ಎಳ್ದಂಗ್ ಆಯ್ತ್. ಆಸ್ಪತ್ರಿಗ್ ಹೋಪ."

"ನಾಳೆ ಜಿಪಿ ಡಾಕ್ಟ್ರ ಹತ್ರ ಹೋಪ. ಇನ್ನೊಂದ್ ಕಣ್ಣ್ ಇತ್ತಲ್ಲ, ಇವತ್ತಿಗ್ ಅದ್ರಗೇ ಕಾಣ್."

ಆ ಮಾತು ಆಡಿದವನು ನಾನೇ. ಸಿಟ್ಟಿನಲ್ಲಿ ಬಾಯಿತಪ್ಪಿ ಬಂದದ್ದೂ ಅಲ್ಲ. ಅವಳಿಲ್ಲದೆ ಕಾರು ಹೊರಡುವಂತಿರಲಿಲ್ಲ, ಅಷ್ಟೇ.

ಮೈದಾನದಲ್ಲಿ ನನ್ನ ಕಾರನ್ನು ಯಾರೂ ವಿಶೇಷವಾಗಿ ಹೊಗಳಲಿಲ್ಲ. ಹಿಂದಿರುಗುವಾಗ ಮೂಗಿನ ತುದಿಯಲ್ಲೇ ಕೋಪವಿತ್ತು. ಮುಂದೆ ಒಂದು ದೊಡ್ಡ ಲಾರಿ ತೆವಳುತ್ತಿತ್ತು. "ಕಾಣ್" ಎಂದೆ. ಅವಳು ಕತ್ತು ಚಾಚಿದಳು.

"ವ್ಯಾನ್ ಬತ್ತಾ ಇತ್ತ್. ದೂರ ಇತ್ತಾ, ಹತ್ರ ಇತ್ತಾ ಗೊತ್ತಾತಿಲ್ಲ."

"ಹೋಪುದಾ ಬ್ಯಾಡ್ದಾ? ಒಂದೇ ಮಾತ್ ಹೇಳ್!" ಎಂದು ಅರಚಿದೆ.

ಅವಳು ಹೆದರಿ "ಹೋಯ್ಲಕ್ಕ್" ಎಂದಳು.

ವ್ಯಾನು ಕಾರಿನ ಬಲ ಮೂತಿಯನ್ನು ಕೆರೆದುಕೊಂಡು ಹೋಗಿ ಪಕ್ಕದಲ್ಲಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಇಳಿದವನೇ ನಾನು ಬಂಪರ್ ಸವರಿ ನೋಡಿದೆ. ಅವಳನ್ನು ನೋಡಿದ್ದು ಆಮೇಲೆ, ಅದೂ ಬೈಯುವುದಕ್ಕೆ. ರಸ್ತೆ ಬದಿಯಲ್ಲಿ ನಿಲ್ಲಿಸಿ "ಕುರುಡಿ" ಎಂದೆ. ಬೈದದ್ದು ಕನ್ನಡದಲ್ಲಿ, ಆದರೂ ವ್ಯಾನಿನವನು ಮುಜುಗರದಿಂದ ಮುಖ ತಿರುಗಿಸಿದ. ಹೆಂಡತಿ ಅಂಗೈಯಿಂದ ಎಡಗಣ್ಣನ್ನು ಮುಚ್ಚಿಕೊಂಡು ಬಲಗಣ್ಣಿನಿಂದ ನನ್ನ ಕಡೆ ನೋಡಲು ಹೆಣಗುತ್ತಿದ್ದಳು. ನನ್ನ ದನಿ ಬಂದ ದಿಕ್ಕಿಗೆ ಅವಳ ಮುಖವಿತ್ತು, ನೋಟ ಇನ್ನೆಲ್ಲೋ ಇತ್ತು. ನನಗೆ ಆಗಲೂ ಅರ್ಥವಾಗಲಿಲ್ಲ ಎಂದರೆ ಸುಳ್ಳು. ಅರ್ಥವಾಗಿತ್ತು. ಇನ್ನೆರಡು ಮಾತು ಬೈದು ಕಾರು ಹತ್ತಿದೆ.

ಸೋಮವಾರ ಜಿಪಿ ನೋಡಿದವರೇ ಆಸ್ಪತ್ರೆಗೆ ಓಡಿಸಿದರು. ಕಣ್ಣಿನ ಹಿಂದಿನ ಪರದೆ, ರೆಟಿನಾ, ಕಳಚಿಕೊಂಡಿದೆ ಎಂದರು ಡಾಕ್ಟರು. ಯಾವಾಗಿನಿಂದ ಎಂದು ಕೇಳಿದರು. ನಾನು "ನಿನ್ನೆಯಿಂದ" ಎಂದೆ. ಅವಳು ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ, "ಇಲ್ಲ, ಬುಧವಾರದಿಂದ" ಎಂದು ತಿದ್ದಿದಳು. ಬುಧವಾರವೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಅವಳಿಗಲ್ಲ, ನನಗೆ ಹೇಳಿದರು. ಆಪರೇಶನ್ ಮಾಡಿದರು. ಬಲಗಣ್ಣಿಗೆ ನೋಟ ಮರಳಲಿಲ್ಲ.

ಕಾರ್ವೆಟ್ ಮಾರಿದೆ. ಮಾರುವ ಮೊದಲು ಅದರ ಮೂತಿಯನ್ನು ಸರಿಮಾಡಿಸಿದೆ, ಗಾಯದ ಗುರುತೂ ಉಳಿಯಲಿಲ್ಲ. ಸಣ್ಣದೊಂದು ಬೂದು ಬಣ್ಣದ ಕಾರು ತಂದೆ. ಇದರ ಸ್ಟೇರಿಂಗ್ ಬಲಗಡೆ, ಎಲ್ಲರ ಕಾರಿನ ಹಾಗೆ. ಹೆಂಡತಿಯ ಸೀಟು ಈಗ ನನ್ನ ಎಡಕ್ಕೆ, ನಾನು ಅವಳ ಬಲಕ್ಕೆ.

ಮೊದಲ ದಿನ ಕಣ್ಣಿನ ತಪಾಸಣೆಗೆಂದೇ ಅದರಲ್ಲಿ ಹೊರಟೆವು. ಬಾಗಿಲನ್ನು ನಾನೇ ತೆರೆದೆ, ನಾನೇ ಮೆಲ್ಲಗೆ ಹಾಕಿದೆ. ತಪ್ಪಾಯಿತು ಎನ್ನಬೇಕೆಂದಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅದರ ಬದಲು, "ಈ ಸೀಟ್ ಹ್ಯಾಂಗ್ ಇತ್ತ್?" ಎಂದು ಕೇಳಿದೆ.

ಅವಳು ಮುಖ ತಿರುಗಿಸಲಿಲ್ಲ. ಎದುರಿನ ರಸ್ತೆಯನ್ನೇ ನೋಡುತ್ತ ಹೇಳಿದಳು:

"ಲಾಯ್ಕ್ ಇತ್ತ್. ಇಲ್ಲಿ ಕೂತ್ರೆ ನೀವ್ ಕಾಣ್ತಿಲ್ಲ."